ಗೋಡೆ ಮೇಲಿನ ಹಲ್ಲಿ ಹೇಗೆ ನಡೆಯುತ್ತೆ? ಫೋನ್ ಸ್ಲೋ-ಮೋಷನ್‌ನಲ್ಲಿ ಅಳೆಯೋಣ

[ದೃಶ್ಯ: ಡೊಂಬಿವಲಿಯ ಫ್ಲ್ಯಾಟ್, ರಾತ್ರಿ. ಟ್ಯೂಬ್‌ಲೈಟ್ ಪಕ್ಕದಲ್ಲಿ ಹಲ್ಲಿ.]

ಪ್ರಾಣಿಗಳ ಚಲನೆ ಅಳೆಯೋಕೆ ಜುಹು ಬೀಚಿಗೆ ಏಡಿ ಹುಡುಕಿಕೊಂಡು ಹೋಗಬೇಕಿಲ್ಲ. ಏಡಿ ಯಾವ ಕಡೆ ಓಡುತ್ತೋ ಗೊತ್ತಾಗಲ್ಲ, ಕ್ಯಾಮೆರಾದಿಂದ ಅದರ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಹಲ್ಲಿ ಗೋಡೆ ಬಿಟ್ಟು ಮುಂದೆ ಬರಲ್ಲ. ನಡಿಗೆಯೆಲ್ಲ ಒಂದೇ ಸಮತಲದಲ್ಲಿ. ಹಾಗಾಗಿ ಒಂದೇ ಕ್ಯಾಮೆರಾ ಸಾಕು.

1878ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ಚಿತ್ರ ತೆಗೆಯೋಕೆ 12 ಕ್ಯಾಮೆರಾ ಸಾಲಾಗಿ ಜೋಡಿಸಿದ್ದರು. ಈಗ ಸ್ಲೋ-ಮೋಷನ್ ಇರುವ ಎಷ್ಟೋ ಫೋನ್‌ಗಳು ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತವೆ. ಆದರೆ ಅಳತೆ ಕೆಡೋದು ಸಾಫ್ಟ್‌ವೇರ್‌ನಲ್ಲಲ್ಲ, ಶೂಟಿಂಗ್‌ನಲ್ಲೇ.

[ದೃಶ್ಯ: ಟ್ರೈಪಾಡ್, ಗೋಡೆಗೆ ಅಂಟಿಸಿದ ಎರಡು ಟೇಪುಗಳು.]

ಫೋನನ್ನು ಗೋಡೆಗೆ ನೇರ ಎದುರಾಗಿ ನಿಲ್ಲಿಸಿ. ಚೌಕಟ್ಟಿನಲ್ಲಿ ಸುಮಾರು 1 ಮೀಟರ್ ಅಗಲದ ಗೋಡೆ ಬಂದರೆ ಸಾಕು. ಚಿತ್ರದ ಅಗಲ 1920 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್‌ಗೆ ಅರ್ಧ ಮಿಲಿಮೀಟರ್. ವೈಡ್ ಲೆನ್ಸ್ ಬೇಡ, ಅಂಚುಗಳನ್ನು ಬಾಗಿಸುತ್ತೆ. ಅಳತೆ ಟೇಪನ್ನು ಗೋಡೆಗೇ ಅಂಟಿಸಿ. ಗೋಡೆಯಿಂದ 10 ಸೆಂಟಿಮೀಟರ್ ಮುಂದೆ ಹಿಡಿದರೆ, 1 ಮೀಟರ್ ದೂರದ ಕ್ಯಾಮೆರಾಗೆ ಟೇಪು ದೊಡ್ಡದಾಗಿ ಕಾಣುತ್ತೆ. ಹಲ್ಲಿಯ ವೇಗ ಶೇ. 10 ಕಡಿಮೆ ಬರುತ್ತೆ. ಎಡಕ್ಕೊಂದು, ಬಲಕ್ಕೊಂದು ಟೇಪು ಹಾಕಿ: ಎರಡರಲ್ಲೂ 10 ಸೆಂಟಿಮೀಟರ್ ಅಷ್ಟೇ ಪಿಕ್ಸೆಲ್ ಆಗದಿದ್ದರೆ ಫೋನ್ ಓರೆಯಾಗಿದೆ ಅಂತ ಲೆಕ್ಕ.

ಬೆಳಕಿನದ್ದೇ ದೊಡ್ಡ ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣಲ್ಲ, 240 ಫ್ರೇಮ್ ಕ್ಯಾಮೆರಾಗೆ ಕಾಣುತ್ತೆ. ಅಗ್ಗದ ಎಲ್‌ಇಡಿ ಬಲ್ಬೂ ಹೀಗೇ. ಬ್ಯಾಟರಿ ದೀಪ ಬಳಸಿ. ಅದನ್ನೂ ನಂಬಬೇಡಿ, ಮೊದಲು ಬರೀ ಗೋಡೆಯನ್ನು ಸ್ಲೋ-ಮೋಷನ್‌ನಲ್ಲಿ ತೆಗೆದು ಪಟ್ಟೆ ಬೀಳುತ್ತಾ ನೋಡಿ. ದೀಪ ಎರಡೂ ಕಡೆಯಿಂದ ಬೀಳಲಿ. ಒಂದೇ ಕಡೆ ಇದ್ದರೆ ಗಾಢ ನೆರಳು ಬಿದ್ದು, ಆಟೋಟ್ರ್ಯಾಕರ್ (ಗುರುತನ್ನು ತಾನಾಗೇ ಹಿಂಬಾಲಿಸುವ ತಂತ್ರಾಂಶ) ಹಲ್ಲಿ ಬಿಟ್ಟು ನೆರಳನ್ನು ಹಿಡಿಯುತ್ತೆ. ಶಟರ್, ಅಂದ್ರೆ ಒಂದು ಫ್ರೇಮಿಗೆ ಬೆಳಕು ಬೀಳುವ ಕಾಲ, 1/1000 ಸೆಕೆಂಡ್ ಇಡಿ. ಪಾದ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬೀಸಿದರೂ ಮಸುಕು 1 ಮಿಲಿಮೀಟರ್ ಅಷ್ಟೇ. 1/240 ಇಟ್ಟರೆ 4 ಮಿಲಿಮೀಟರ್, ಪಾದ ಸರಿಯಾಗಿ ಕಾಣಲ್ಲ.

[ದೃಶ್ಯ: ಗೋಡೆ ಪಕ್ಕ ಬೀಳುವ ಚೆಂಡು.]

ಹಲ್ಲಿಗೆ ಮುಂಚೆ ಒಂದು ಪುಟ್ಟ ಚೆಂಡು ಬೀಳಿಸಿ, ಗೋಡೆಗೆ ತೀರಾ ಹತ್ತಿರ. 44 ಸೆಂಟಿಮೀಟರ್ ಬೀಳೋಕೆ 0.3 ಸೆಕೆಂಡ್, ಅಂದ್ರೆ 72 ಫ್ರೇಮ್. ಟ್ರ್ಯಾಕರ್ ಅನ್ನೋ ಉಚಿತ ತಂತ್ರಾಂಶದಲ್ಲಿ ಅಳೆದಾಗ ಗುರುತ್ವ ವೇಗೋತ್ಕರ್ಷ 9.8 ಮೀಟರ್ ಪ್ರತಿ ಸೆಕೆಂಡ್ ವರ್ಗದ ಆಸುಪಾಸು ಬರಬೇಕು. 0.15 ಬಂತಾ? ತಂತ್ರಾಂಶ ಫೈಲನ್ನು ಸೆಕೆಂಡಿಗೆ 30 ಫ್ರೇಮ್ ಅಂತ ಓದಿಕೊಂಡಿದೆ: ಕಾಲ 8 ಪಟ್ಟು ಹಿಗ್ಗಿ, ವೇಗೋತ್ಕರ್ಷ 64ನೇ ಒಂದು ಭಾಗವಾಗಿದೆ. ಕ್ಲಿಪ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ 240 ಅಂತ ಬರೆಯಿರಿ. ವೀಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಗುಣಮಟ್ಟ ಇಳಿಯುತ್ತೆ. ಕೇಬಲ್ ಹಾಕಿ ಮೂಲ ಫೈಲನ್ನೇ ತೆಗೆದುಕೊಳ್ಳಿ.

[ದೃಶ್ಯ: ಟ್ರ್ಯಾಕರ್ ಪರದೆ.]

ಟೇಪಿನ ಮೇಲೆ ಕ್ಯಾಲಿಬ್ರೇಷನ್ ಸ್ಟಿಕ್ (ಪರದೆಯ ಅಳತೆ ಗೆರೆ) ಎಳೆದು ಉದ್ದ ನಮೂದಿಸಿ, ನಡೆಯುವ ದಿಕ್ಕಿಗೆ ಅಕ್ಷ ತಿರುಗಿಸಿ. ಪಾಯಿಂಟ್ ಮಾಸ್ (ಹಿಂಬಾಲಿಸುವ ಬಿಂದು) ಆರಿಸಿ, ಶಿಫ್ಟ್ ಒತ್ತಿ ಫ್ರೇಮ್ ಫ್ರೇಮಿಗೂ ಕ್ಲಿಕ್. ವೇಗಕ್ಕೆ ಮೂತಿ ಆರಿಸಬೇಡಿ. ಹಲ್ಲಿ ಮೈ ಬಳುಕಿಸಿ ನಡೆಯುವಾಗ ತಲೆ ಅತ್ತಿತ್ತ ಬೀಸುತ್ತೆ. ಬೆನ್ನಿನ ನಡುಭಾಗ ವಾಸಿ. ಪಾದಗಳಿಗೆ ಎರಡೇ ಗುರುತು: ಗೋಡೆ ಮುಟ್ಟಿದ ಫ್ರೇಮ್, ಬಿಟ್ಟ ಫ್ರೇಮ್. ಒಂದು ಪೂರ್ತಿ ಹೆಜ್ಜೆಗೆ 40 ಫ್ರೇಮ್, ಅದರಲ್ಲಿ ಪಾದ ಗೋಡೆ ಮೇಲೆ 24 ಫ್ರೇಮ್ ಅಂದುಕೊಳ್ಳಿ: ಸೆಕೆಂಡಿಗೆ 6 ಹೆಜ್ಜೆ, ಊರಿದ ಪಾಲು 0.6. ನಾಲ್ಕೂ ಪಾದಗಳ ಪಟ್ಟಿ ಒಂದರ ಕೆಳಗೊಂದು ಬರೆದರೆ, ಎಡ ಮುಂಗಾಲು ಮತ್ತು ಬಲ ಹಿಂಗಾಲು ಜೊತೆಯಾಗಿ ಏಳೋದು ಕಾಣುತ್ತೆ.

ಈಗ ಅನೇಕ ಕಾಲೇಜು ಪ್ರಾಜೆಕ್ಟ್‌ಗಳು ಎಡವುವ ಜಾಗ. ನಿಮ್ಮ ಕ್ಲಿಕ್ ಒಂದು ಪಿಕ್ಸೆಲ್ ಆಚೀಚೆ ಆಗುತ್ತೆ, ಅಂದ್ರೆ ಅರ್ಧ ಮಿಲಿಮೀಟರ್. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ತಪ್ಪು. ವೇಗೋತ್ಕರ್ಷಕ್ಕೆ ಬಂದರೆ? ಫ್ರೇಮುಗಳ ನಡುವಿನ ಕಾಲದ ವರ್ಗದಿಂದ ಭಾಗಿಸಬೇಕು. ಆಗ ತಪ್ಪು ಸುಮಾರು 70 ಮೀಟರ್ ಪ್ರತಿ ಸೆಕೆಂಡ್ ವರ್ಗ, ಗುರುತ್ವದ ಏಳು ಪಟ್ಟು! ಪರದೆ ಮೇಲಿನ ಆ ಮುಳ್ಳುಮುಳ್ಳು ಗ್ರಾಫಿನಲ್ಲಿ ಹಲ್ಲಿ ಇಲ್ಲ, ನಿಮ್ಮ ಮೌಸ್ ಇದೆ. ಫ್ರೇಮ್ ರೇಟ್ ಏರಿಸಿದಷ್ಟೂ ಇದು ಜಾಸ್ತಿ. ಮೊದಲು ಸ್ಥಾನದ ಅಂಕಿಗಳನ್ನು ಲೋ-ಪಾಸ್ ಫಿಲ್ಟರ್‌ನಲ್ಲಿ (ವೇಗವಾದ ನಡುಕ ತೆಗೆದು ನಿಧಾನದ ಚಲನೆ ಉಳಿಸುವ ಲೆಕ್ಕ) ನಯ ಮಾಡಿ, ಆಮೇಲೆ ವೇಗ ತೆಗೆಯಿರಿ. ಸೆಕೆಂಡಿಗೆ 6 ಹೆಜ್ಜೆ ಇದ್ದರೆ ಫಿಲ್ಟರ್ ಕತ್ತರಿಸುವ ಮಿತಿಯನ್ನು 25 ಹರ್ಟ್ಸ್‌ನಿಂದ ಶುರು ಮಾಡಿ ನೋಡಬಹುದು. ಬರೀ ಹೆಜ್ಜೆಯ ಉದ್ದ, ಎಣಿಕೆ ಬೇಕಿದ್ದರೆ ವೇಗೋತ್ಕರ್ಷದ ತಂಟೆಗೇ ಹೋಗಬೇಡಿ.

ಕ್ಲಿಪ್‌ಗಳು ನೂರಾರು ಇದ್ದರೆ ಡೀಪ್‌ಲ್ಯಾಬ್‌ಕಟ್ ಅನ್ನೋ ತಂತ್ರಾಂಶ ಇದೆ, 2018ರಲ್ಲಿ ಬಂದದ್ದು. ಸುಮಾರು 200 ಫ್ರೇಮ್ ಕೈಯಲ್ಲಿ ಗುರುತಿಸಿದರೆ ಉಳಿದದ್ದನ್ನು ತಾನೇ ಕಲಿಯುತ್ತೆ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ಹತ್ತು ಕ್ಲಿಪ್‌ಗೆ ಅದು ದಂಡ.

ಪೊರಕೆ ಹಿಡಿದು ಓಡಿಸಿದ ಹಲ್ಲಿಯ ಕ್ಲಿಪ್ ಬೇರೆ ಫೋಲ್ಡರ್‌ನಲ್ಲಿರಲಿ. ತಪ್ಪಿಸಿಕೊಳ್ಳುವ ಓಟ ಬೇರೆ, ನಡಿಗೆ ಬೇರೆ. ಹಲ್ಲಿಯ ಮೈಬಿಸಿ ಸುತ್ತಲಿನ ಬಿಸಿಯನ್ನೇ ಅವಲಂಬಿಸುತ್ತೆ, ವೇಗವೂ ಅದರ ಜೊತೆ ಏರಿಳಿಯುತ್ತೆ. ಪ್ರತಿ ಕ್ಲಿಪ್‌ನ ಹೆಸರಲ್ಲೇ ಗೋಡೆಯ ಉಷ್ಣತೆ ಬರೆದಿಡಿ, ಇಲ್ಲದಿದ್ದರೆ ಮೇ ತಿಂಗಳ ಹಲ್ಲಿಯನ್ನೂ ಜನವರಿಯದ್ದನ್ನೂ ಒಂದೇ ಗ್ರಾಫಿಗೆ ಹಾಕಿಬಿಡುತ್ತೀರಿ.