ಎಂಜಿನ್ ಕೆಟ್ಟರೆ ದಂಡ ಕಟ್ಟೋರು ಯಾರು?

ನಮಸ್ಕಾರ. 2023ರ ಜನವರಿ 9. ಬೆಳಿಗ್ಗೆ ಬೆಂಗಳೂರಿಂದ ದೆಹಲಿಗೆ ಹೊರಟ ಗೋ ಫಸ್ಟ್ ವಿಮಾನ 55 ಪ್ರಯಾಣಿಕರನ್ನು ಏರ್‌ಪೋರ್ಟ್ ಬಸ್ಸಿನಲ್ಲೇ ಬಿಟ್ಟು ಹಾರಿಹೋಯಿತು. ನೆನಪಿದೆ ಅಲ್ವಾ? ಕಂಪನಿ ಕ್ಷಮೆ ಕೇಳಿತು. ಬಿಟ್ಟುಹೋದವರಿಗೆಲ್ಲ ಒಂದೊಂದು ಫ್ರೀ ಟಿಕೆಟ್ ಕೊಡುತ್ತೇವೆ, ದೇಶದೊಳಗೆ ಎಲ್ಲಿಗಾದರೂ ಹೋಗಬಹುದು, ಹನ್ನೆರಡು ತಿಂಗಳು ಟೈಮಿದೆ ಎಂದಿತು. ನಾಲ್ಕು ತಿಂಗಳು ತುಂಬುವ ಮೊದಲೇ ಕಂಪನಿಯೇ ನಿಂತುಹೋಯಿತು.

ಮೇ 2ರಂದು ದಿವಾಳಿ ಅರ್ಜಿ. ಮೇ 3ರಿಂದ ಒಂದು ವಿಮಾನವೂ ಹಾರಲಿಲ್ಲ. ಕಂಪನಿ ಕೊಟ್ಟ ಕಾರಣ ಎಂಜಿನ್. ನಮ್ಮ ಎ320 ನಿಯೋ ವಿಮಾನಗಳಲ್ಲಿ ಸುಮಾರು ಅರ್ಧ, ಅಂದರೆ 25 ವಿಮಾನ, ಎಂಜಿನ್ ಇಲ್ಲದೆ ನೆಲದ ಮೇಲಿವೆ ಎಂದು ಹೇಳಿತು.

ಎಂಜಿನ್ ಫೇಲ್ ಅಂದ ಕೂಡಲೇ ನಮಗೆ ನೆನಪಾಗೋದು ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ವಿಡಿಯೋಗಳು. 2022ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ಬೆಂಗಳೂರಿಗೆ ಹೊರಟ ಇಂಡಿಗೋ ವಿಮಾನದ ಎಂಜಿನ್‌ನಲ್ಲಿ ರನ್‌ವೇ ಮೇಲೇ ಕಿಡಿ ಹಾರಿತು. ಪೈಲಟ್ ಟೇಕಾಫ್ ನಿಲ್ಲಿಸಿದರು, ಎಲ್ಲರೂ ಕ್ಷೇಮ. 2024ರ ಮೇ ತಿಂಗಳಲ್ಲಿ ಬೆಂಗಳೂರಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಂಡಿತು. ವಾಪಸ್ ಇಲ್ಲೇ ಇಳಿಯಿತು, ಅಲ್ಲೂ ಎಲ್ಲರೂ ಪಾರು. ಒಂದು ಎಂಜಿನ್ ನಿಂತರೆ ಇನ್ನೊಂದರಲ್ಲಿ ಹಾರಿ ಇಳಿಯುವಂತೆಯೇ ಈ ವಿಮಾನಗಳನ್ನು ಮಾಡಿರುತ್ತಾರೆ. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅದನ್ನೇ ಅಭ್ಯಾಸ ಮಾಡುತ್ತಾರೆ. ಅಹಮದಾಬಾದ್ ದುರಂತದ ಬಗ್ಗೆ ಕೇಳಬಹುದು ನೀವು. ಅದರ ತನಿಖೆಯ ಮೊದಲ ವರದಿ ಹೇಳಿದ್ದು ಇಂಧನದ ಸ್ವಿಚ್ಚುಗಳ ಬಗ್ಗೆ. ಅದು ಬೇರೆಯೇ ವಿಷಯ, ಇವತ್ತು ಅಲ್ಲಿಗೆ ಹೋಗಲ್ಲ.

ಜಾಸ್ತಿ ಜನರ ಜೇಬಿಗೆ ಕತ್ತರಿ ಹಾಕಿದ್ದು ಆಕಾಶದಲ್ಲಿ ಕೆಟ್ಟ ಎಂಜಿನ್ ಅಲ್ಲ. ವರ್ಕ್‌ಶಾಪ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿರೋ ಎಂಜಿನ್. ಅದರ ವಿಡಿಯೋ ಯಾರೂ ಮಾಡಲ್ಲ.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಪ್ರಾಟ್ ಅಂಡ್ ವಿಟ್ನಿ ಎಂಬ ಅಮೆರಿಕದ ಕಂಪನಿ ಎ320 ನಿಯೋಗಾಗಿ ಹೊಸ ಥರದ ಎಂಜಿನ್ ಮಾಡಿತು. ಮುಂದಿನ ದೊಡ್ಡ ಫ್ಯಾನಿಗೂ ಹಿಂದಿನ ಟರ್ಬೈನಿಗೂ ನಡುವೆ ಒಂದು ಗೇರ್ ಬಾಕ್ಸ್. ಫ್ಯಾನು ನಿಧಾನವಾಗಿ ತಿರುಗಬೇಕು, ಟರ್ಬೈನು ಜೋರಾಗಿ ತಿರುಗಬೇಕು, ಎರಡಕ್ಕೂ ಅದರದರ ವೇಗ ಸಿಗುತ್ತೆ. ಇಂಧನ ನೂರಕ್ಕೆ ಹದಿನಾರರಷ್ಟು ಉಳಿಯುತ್ತೆ ಎಂದರು. ಅಗ್ಗದ ಟಿಕೆಟ್ ಮಾರುವ ಕಂಪನಿಗಳು ಮುಗಿಬಿದ್ದವು. ಇಂಡಿಗೋ ತಗೊಂಡಿತು. ಆಗ ಗೋ ಏರ್ ಅಂತಿದ್ದ ಗೋ ಫಸ್ಟೂ ತಗೊಂಡಿತು.

ತೊಂದರೆ ಬೇಗನೇ ಶುರುವಾಯಿತು. 2018ರ ಮಾರ್ಚ್‌ನಲ್ಲಿ ಅಹಮದಾಬಾದಿನಿಂದ ಲಖನೌಗೆ ಹೊರಟ ಇಂಡಿಗೋ ವಿಮಾನ ಎಂಜಿನ್ ಕೆಟ್ಟು ವಾಪಸ್ ಬಂತು. ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಂದೇ ದಿನದಲ್ಲಿ ಎರಡೂ ಕಂಪನಿಗಳ 11 ವಿಮಾನಗಳನ್ನು ನಿಲ್ಲಿಸಿತು. ಮರುವರ್ಷ ಇಂಡಿಗೋಗೆ 97 ವಿಮಾನಗಳ ಎಂಜಿನ್ನುಗಳನ್ನೇ ಬದಲಾಯಿಸಿ ಎಂದಿತು.

ಇದೆಲ್ಲ ಹೇಗೋ ಹಿಡಿತಕ್ಕೆ ಬಂತು ಅನ್ನುವಾಗ 2023ರ ಜುಲೈನಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಎಂಜಿನ್ ಒಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಡಿಸ್ಕುಗಳಿರುತ್ತವೆ. ಲೋಹವನ್ನು ಕರಗಿಸಿ, ಹಿಟ್ಟಿನಂತೆ ಪುಡಿ ಮಾಡಿ, ಆ ಪುಡಿಯನ್ನೇ ಬಿಸಿಯಲ್ಲಿ ಒತ್ತಿ ಅವನ್ನು ಮಾಡುತ್ತಾರೆ. 2015ರ ಕೊನೆಯಿಂದ 2021ರವರೆಗೆ ತಯಾರಾದ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಕಸ ಸೇರಿರಬಹುದು ಅಂತ ಗೊತ್ತಾಯಿತು. ಆ ಕಸ ಇದ್ದ ಜಾಗದಿಂದ ಬಿರುಕು ಶುರುವಾಗಬಹುದು. ಬ್ಲೇಡು ಮುರಿದರೆ ಎಂಜಿನ್ನಿನ ಕವಚ ತಡೆದುಕೊಳ್ಳುತ್ತೆ, ಡಿಸ್ಕ್ ಒಡೆದರೆ ತಡೆಯಲ್ಲ. ಹಾಗಾಗಿ ಎಂಜಿನ್ ಬಿಚ್ಚಿ, ಡಿಸ್ಕುಗಳನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಿ, ಅನುಮಾನ ಬಂದಿದ್ದನ್ನು ಬದಲಾಯಿಸದೆ ಬೇರೆ ದಾರಿ ಇಲ್ಲ.

ಇದರಲ್ಲಿ ನನಗೇನೂ ತಕರಾರಿಲ್ಲ. ಪರೀಕ್ಷೆ ಮಾಡಲೇಬೇಕು. ಆದರೆ ಒಂದು ಎಂಜಿನ್ ಒಳಗೆ ಹೋದರೆ ಹೊರಗೆ ಬರೋಕೆ 250ರಿಂದ 300 ದಿನ ಬೇಕು ಎಂದು ಕಂಪನಿಯೇ ಹೇಳಿತು. ಹತ್ತಿರ ಹತ್ತಿರ ಒಂದು ವರ್ಷ! ಅಷ್ಟು ದಿನ ಆ ವಿಮಾನ ಮೂಲೆಯಲ್ಲಿ ನಿಂತಿರಬೇಕು. ಹಾಗೆ ನಿಂತ ವಿಮಾನವನ್ನು ಹತ್ತಿರದಿಂದ ನೋಡಿದರೆ ರೆಕ್ಕೆಯ ಕೆಳಗೆ ಎಂಜಿನ್ ಇರಬೇಕಾದ ಕಡೆ ದೊಡ್ಡ ತೂಕದ ಗಟ್ಟಿಗಳು ತೂಗುತ್ತಿರುತ್ತವೆ. ಅಷ್ಟು ಭಾರ ಒಮ್ಮೆಗೇ ಇಲ್ಲವಾದರೆ ವಿಮಾನದ ತೂಕದ ಲೆಕ್ಕ ತಪ್ಪುತ್ತೆ, ಅದಕ್ಕೆ. ಹಾರದಿದ್ದರೂ ಬಾಡಿಗೆ ಕಟ್ಟಬೇಕು, ಪಾರ್ಕಿಂಗ್ ಕಟ್ಟಬೇಕು.

2024ರ ಆರಂಭದಲ್ಲಿ ಇಂಡಿಗೋದ 70ಕ್ಕೂ ಹೆಚ್ಚು ವಿಮಾನಗಳು ಹೀಗೆ ನಿಂತಿದ್ದವು. ಆದರೂ ಇಂಡಿಗೋ ಮುಳುಗಲಿಲ್ಲ. ಕೈಯಲ್ಲಿ ದುಡ್ಡಿತ್ತು. 2019ರಲ್ಲೇ ಮುಂದಿನ 280 ವಿಮಾನಗಳಿಗೆ ಬೇರೆ ಕಂಪನಿಯ ಎಂಜಿನ್ ಬುಕ್ ಮಾಡಿತ್ತು. ಬೇರೆಯವರ ವಿಮಾನ ಬಾಡಿಗೆಗೆ ತಂದಿತು. ಗೋ ಫಸ್ಟ್‌ಗೆ ಆ ತಾಕತ್ತು ಇರಲಿಲ್ಲ. ಪ್ರಾಟ್ ಅಂಡ್ ವಿಟ್ನಿ ಹೆಚ್ಚುವರಿ ಎಂಜಿನ್ ಕೊಡಬೇಕು ಎಂಬ ಆದೇಶವನ್ನು ಸಿಂಗಪುರದ ಮಧ್ಯಸ್ಥಿಕೆ ಕೇಂದ್ರದಿಂದ ತಂದರೂ ಎಂಜಿನ್ ಬರಲಿಲ್ಲ. ಪ್ರಾಟ್ ಅಂಡ್ ವಿಟ್ನಿ ಹೇಳೋದೇ ಬೇರೆ: ಇವರು ಮೊದಲಿಂದಲೂ ಸರಿಯಾಗಿ ದುಡ್ಡು ಕೊಟ್ಟವರಲ್ಲ ಅಂತ. ನನ್ನ ಲೆಕ್ಕದಲ್ಲಿ ಅದನ್ನೂ ತಳ್ಳಿಹಾಕುವ ಹಾಗಿಲ್ಲ. ಅದೇ ಎಂಜಿನ್ ಇಟ್ಟುಕೊಂಡು ಒಬ್ಬರು ಉಳಿದರು, ಒಬ್ಬರು ಹೋದರು ಅಂದ ಮೇಲೆ ಎಲ್ಲ ತಪ್ಪನ್ನೂ ಎಂಜಿನ್ ತಲೆಗೆ ಕಟ್ಟೋದು ಹೇಗೆ?

ಅವರಿಬ್ಬರ ಜಗಳ ಅವರಿಗಿರಲಿ. ನನ್ನ ಸಿಟ್ಟು ಬೇರೆ ಕಡೆ ಇದೆ.

ಈ ನಷ್ಟದ ದುಡ್ಡು ಯಾರಿಂದ ಯಾರಿಗೆ ಹೋಯಿತು ನೋಡಿ. ಎಂಜಿನ್ ಕಂಪನಿಯ ಒಡೆಯ ಆರ್‌ಟಿಎಕ್ಸ್ ಈ ಪುಡಿಯ ಸಮಸ್ಯೆಗೆ ಒಟ್ಟು 6ರಿಂದ 7 ಬಿಲಿಯನ್ ಡಾಲರ್ ಖರ್ಚು ಬರುತ್ತೆ ಎಂದು ಲೆಕ್ಕ ಹಾಕಿತು. ಅದರಲ್ಲಿ ಬಹುಪಾಲು ವಿಮಾನ ಸಂಸ್ಥೆಗಳಿಗೆ ಕೊಡುವ ಪರಿಹಾರ. ಸರಿ, ವಿಮಾನ ಸಂಸ್ಥೆಗೆ ಸಿಕ್ಕಿತು. ವಿಮಾನ ಬಾಡಿಗೆಗೆ ಕೊಟ್ಟ ವಿದೇಶಿ ಕಂಪನಿಗಳು ಕೋರ್ಟಿಗೆ ಹೋದವು. ಗೋ ಫಸ್ಟ್ ನಿಂತು ಐದು ತಿಂಗಳಿಗೆ, 2023ರ ಅಕ್ಟೋಬರ್ 3ಕ್ಕೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು: ದಿವಾಳಿ ಕಂಪನಿಯ ಕೈಲಿರೋದನ್ನು ಯಾರೂ ವಾಪಸ್ ಒಯ್ಯಬಾರದು ಎಂಬ ದಿವಾಳಿ ಕಾನೂನಿನ ತಡೆ ವಿಮಾನಕ್ಕೂ ಎಂಜಿನ್ನಿಗೂ ಅನ್ವಯವಾಗಲ್ಲ. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದು ಮಾಡಿ ಅವರಿಗೆ ವಾಪಸ್ ಬಿಡಿ ಎಂದಿತು. 2025ರಲ್ಲಿ ಅವರ ಹಕ್ಕಿಗಾಗಿ ಪ್ರತ್ಯೇಕ ಕಾಯ್ದೆಯೇ ಬಂತು. ಬರಲಿ, ಬೇಡ ಅನ್ನಲ್ಲ. ಬಾಡಿಗೆ ಕೊಟ್ಟವರಿಗೆ ಭರವಸೆ ಇಲ್ಲದಿದ್ದರೆ ನಾಳೆ ಬಾಡಿಗೆಯೇ ಏರುತ್ತೆ.

ಟಿಕೆಟ್ ಕೊಂಡವರು? ಕ್ಲೇಮ್ ಫಾರ್ಮ್ ತುಂಬಿ ಕಾಯಿರಿ ಎಂದರು. ದಿವಾಳಿಯಾದ ಕಂಪನಿಯ ಆಸ್ತಿ ಹಂಚುವಾಗ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರು ಮತ್ತು ಅಡಮಾನ ಹಿಡಿದ ಬ್ಯಾಂಕುಗಳು. ಪ್ರಯಾಣಿಕ ಎಲ್ಲೋ ಕೆಳಗೆ. ಬ್ಯಾಂಕು ಮತ್ತಿತರ ಸಾಲವೇ 6,500 ಕೋಟಿ ರೂಪಾಯಿ ಇತ್ತು. ಕಂಪನಿ ನಡೆಯುವ ಸ್ಥಿತಿಯಲ್ಲಿ ಇರಲಿಲ್ಲ, 2025ರ ಜನವರಿಯಲ್ಲಿ ಮುಚ್ಚಿಬಿಡಿ ಎಂಬ ಆದೇಶವಾಯಿತು. ರಜೆಗೆ ಊರಿಗೆ ಹೋಗೋಕೆ ನಾಲ್ಕು ಟಿಕೆಟ್ ಮಾಡಿಸಿದ ಸಂಸಾರ ಬ್ಯಾಂಕುಗಳ ಹಿಂದೆ ಕ್ಯೂ ನಿಲ್ಲಬೇಕು. ನಾವು ಆ ಕಂಪನಿಗೆ ಸಾಲ ಕೊಟ್ಟಿರಲಿಲ್ಲ ಸ್ವಾಮಿ, ಸೀಟು ಕೊಂಡಿದ್ದೆವು!

ಕಂಪನಿ ಮುಳುಗದೆ ಬರೀ ಒಂದು ವಿಮಾನ ರದ್ದಾದರೂ ಕಥೆ ಅಷ್ಟೇನೂ ಚೆನ್ನಾಗಿಲ್ಲ. ಹೊತ್ತಿಗೆ ಮುಂಚೆ ತಿಳಿಸದೆ ರದ್ದು ಮಾಡಿದರೆ ಡಿಜಿಸಿಎ ನಿಯಮದಲ್ಲಿ ಪರಿಹಾರವಿದೆ. ಬೆಂಗಳೂರು–ದೆಹಲಿಯಂಥ ಎರಡು ಗಂಟೆ ಮೀರಿದ ಪ್ರಯಾಣಕ್ಕೆ 10,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿ ಇದೆ: ಸಂಸ್ಥೆಯ ಕೈಮೀರಿದ ಕಾರಣವಾದರೆ ಕೊಡಬೇಕಿಲ್ಲ. ಎಂಜಿನ್ ಕೆಟ್ಟಿದ್ದು ಕೈಮೀರಿದ್ದೋ ಅಲ್ಲವೋ? ನಿಯಮ ಬಿಡಿಸಿ ಹೇಳಲ್ಲ.

ಯುರೋಪಿನಲ್ಲಿ ಈ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ವಿಯೆನ್ನಾದಿಂದ ರೋಮ್ ಮೂಲಕ ಬ್ರಿಂಡಿಸಿಗೆ ಹೋಗಬೇಕಿದ್ದ ಒಬ್ಬ ಪ್ರಯಾಣಿಕರ ಅಲಿಟಾಲಿಯಾ ವಿಮಾನ ಎಂಜಿನ್ನಿನ ಟರ್ಬೈನ್ ಕೆಟ್ಟು ರದ್ದಾಯಿತು. ಅವರು 250 ಯೂರೋ ಪರಿಹಾರ ಕೇಳಿ ಬಿಡದೆ ಹೋರಾಡಿದರು. 2008ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ವಿಮಾನ ನಡೆಸೋದೇ ನಿಮ್ಮ ಕಸುಬು, ಯಂತ್ರ ಕೆಡೋದು ಆ ಕಸುಬಿನಲ್ಲಿ ಇರೋದೇ, ಅದನ್ನು ಅಸಾಮಾನ್ಯ ಸಂದರ್ಭ ಅನ್ನೋಕಾಗಲ್ಲ. ತಯಾರಿಕೆಯಲ್ಲೇ ಅಡಗಿದ್ದ ದೋಷದಂಥ ಕಾರಣಕ್ಕೆ ವಿನಾಯಿತಿ ಸಿಗಬಹುದು ಎಂದು ಅಷ್ಟೇ ಸ್ಪಷ್ಟವಾಗಿ ಬರೆಯಿತು. ಈ ಪುಡಿ ಲೋಹದಂಥ ದೋಷ ಆ ವಿನಾಯಿತಿಗೆ ಹತ್ತಿರ ಬರುತ್ತೆ, ಒಪ್ಪುತ್ತೇನೆ. ಆದರೆ ಗೆರೆ ಎಲ್ಲಿದೆ ಅಂತ ಅಲ್ಲಿನ ಪ್ರಯಾಣಿಕನಿಗೆ ಗೊತ್ತು. ನಮಗೆ ಸಿಗೋದು 'ತಾಂತ್ರಿಕ ಕಾರಣದಿಂದ' ಎಂಬ ಒಂದು ಎಸ್ಎಂಎಸ್.

ನಾನು ಕೇಳೋದು ಎರಡೇ. ಒಂದು, ಆ ಗೆರೆಯನ್ನು ಡಿಜಿಸಿಎ ಬರೆದು ಹಾಕಲಿ. ಇನ್ನೊಂದು ಇದಕ್ಕಿಂತ ದೊಡ್ಡದು. ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರ್‌ಗೆ ರೇರಾ ಕಾನೂನು ಏನು ಹೇಳುತ್ತೆ? ಕೊಂಡವರಿಂದ ಬಂದ ದುಡ್ಡಿನಲ್ಲಿ ನೂರಕ್ಕೆ ಎಪ್ಪತ್ತನ್ನು ಪ್ರತ್ಯೇಕ ಖಾತೆಯಲ್ಲಿಡು, ಆ ಕಟ್ಟಡಕ್ಕೆ ಮಾತ್ರ ಖರ್ಚು ಮಾಡು ಅನ್ನುತ್ತೆ. ವಿಮಾನ ಟಿಕೆಟ್‌ಗೂ ಹಾಗೇ ಮಾಡಿ. ಮೂರು ತಿಂಗಳು ಮುಂಚೆ ನಾನು ಕೊಟ್ಟ ದುಡ್ಡಿನ ಒಂದು ಭಾಗವಾದರೂ ವಿಮಾನ ಹಾರುವವರೆಗೆ ಬೇರೆ ಖಾತೆಯಲ್ಲಿರಲಿ. ಇವತ್ತು ಅದೇ ದುಡ್ಡಲ್ಲಿ ನಿನ್ನೆಯ ಇಂಧನದ ಬಿಲ್ಲು ಕಟ್ಟುತ್ತಾರೆ.

ಹಾಗೆ ಮಾಡಿದರೆ ಟಿಕೆಟ್ ದರ ಏರುತ್ತೆ ಅನ್ನುತ್ತಾರೆ. ಸ್ವಲ್ಪ ಏರಬಹುದು. ಗೋ ಫಸ್ಟ್ ನಿಂತಾಗ ಏನಾಯಿತು? ಲೇಹ್, ಶ್ರೀನಗರದ ದರ ಎಷ್ಟು ಏರಿತೆಂದರೆ 2023ರ ಜೂನ್‌ನಲ್ಲಿ ವಿಮಾನಯಾನ ಸಚಿವರೇ ಕಂಪನಿಗಳನ್ನು ಕರೆದು ಕೂರಿಸಿ ಮಾತಾಡಬೇಕಾಯಿತು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇಷ್ಟು. ದೂರದ ತಾರೀಕಿಗೆ ಬುಕ್ ಮಾಡುವಾಗ ಕ್ರೆಡಿಟ್ ಕಾರ್ಡ್ ಬಳಸಿ. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವ ಒಂದು ದಾರಿಯಾದರೂ ಇರುತ್ತೆ. ರದ್ದು ಮಾಡಿದರೆ ಕಾರಣವನ್ನು ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಕೌಂಟರಿನಲ್ಲಿರೋ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ. ಗೋ ಫಸ್ಟ್ ಮುಚ್ಚಿದಾಗ ಕೆಲಸ ಕಳಕೊಂಡು ಬಾಕಿ ಸಂಬಳಕ್ಕೆ ಕಾದವರು ಅವರೇ.