ಒಂದಕ್ಕೆ ಹೋಗಿದ್ದು ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ನೋವಿಗೋ, ಬೇರೆ ಯಾವುದೋ ಬಿಡದ ನೋವಿಗೋ ನಿಮ್ಮ ಮನೆಯಲ್ಲಿ ಯಾರಾದರೂ ಮಾರ್ಫಿನ್ ಮಾತ್ರೆ ತಗೊಳ್ಳುತ್ತಿದ್ದಾರಾ? ಅವರನ್ನು ನೋಡಿಕೊಳ್ಳುವವರು ನೀವೇನಾ? ಹಾಗಾದರೆ ಈ ಮಾತು ನಿಮಗೇ.

ಮಾರ್ಫಿನ್ ಕೊಡುವಾಗ ವಾಕರಿಕೆ ಬರಬಹುದು, ತೂಕಡಿಕೆ ಬರಬಹುದು, ಮಲಬದ್ಧತೆ ಆಗುತ್ತದೆ ಅಂತ ಹೇಳಿ ಕಳಿಸುತ್ತೇವೆ. ಮೂತ್ರ ಕಟ್ಟಿಕೊಳ್ಳಬಹುದು ಅನ್ನೋದು ಎಷ್ಟೋ ಸಲ ಬಿಟ್ಟೇ ಹೋಗುತ್ತದೆ. ರೋಗಿ ತಾನಾಗಿ ಬಾಯಿ ಬಿಡುವುದಿಲ್ಲ, ನಾಚಿಕೆ. ಅದಕ್ಕೇ ನೀವು ಕೇಳಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಕೇಳಿ: ಒಂದಕ್ಕೆ ಹೋಗಿದ್ದು ಯಾವಾಗ?

ಒಳಗೆ ನಡೆಯೋದು ಇಷ್ಟು. ಮೂತ್ರಚೀಲದಲ್ಲಿ ಸುಮಾರು 200 ಮಿಲಿಲೀಟರ್ ತುಂಬಿದಾಗ ಮಿದುಳಿಗೆ ಸುದ್ದಿ ಹೋಗುತ್ತದೆ. ನಾವು ಎದ್ದು ಹೋದಾಗ ಚೀಲ ಹಿಂಡುತ್ತದೆ, ಅದರ ಬಾಯಿ ಸಡಿಲವಾಗುತ್ತದೆ. ಮಾರ್ಫಿನ್ ನೋವಿನ ಸುದ್ದಿ ತಡೆಯುವ ಹಾಗೆ ಈ ಸುದ್ದಿಯನ್ನೂ ಮಂಕು ಮಾಡುತ್ತದೆ. ಹಿಂಡುವ ಬಲ ಕುಗ್ಗುತ್ತದೆ, ಬಾಯಿ ಬಿಗಿಯಾಗುತ್ತದೆ. ಟ್ರಮಡಾಲ್ ಮಾತ್ರೆ, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ, ಎಲ್ಲ ಇದೇ ಜಾತಿಯವು.

ಒಂದು ಮನೆಯ ಕಥೆ ಹೇಳಲೇಬೇಕು. ಎಪ್ಪತ್ತು ದಾಟಿದ ಯಜಮಾನರು. ತೆಂಗಿನ ತೋಟದ ಮನೆ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿತ್ತು. ಮಾರ್ಫಿನ್ ಶುರು ಮಾಡಿದ ಮೇಲೆ ಎಷ್ಟೋ ದಿನಗಳ ನಂತರ ನಿದ್ದೆ ಮಾಡಿದ್ದರು. ಒಂದು ಬೆಳಗ್ಗೆ ಸೊಸೆಯ ಫೋನ್. "ಡಾಕ್ಟ್ರೇ, ಮಾವನವರು ರಾತ್ರಿಯಿಂದ ಹೊರಳಾಡ್ತಿದ್ದಾರೆ. ನೋವು ಜಾಸ್ತಿ ಆಗಿರಬೇಕು. ಇನ್ನೊಂದು ಮಾತ್ರೆ ಕೊಡ್ಲಾ?" ಕೊಡಮ್ಮ ಅಂದೆ. ಆ ಒಂದು ಪ್ರಶ್ನೆ ನಾನು ಕೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಮಧ್ಯಾಹ್ನ ನರ್ಸ್ ಜೊತೆ ಹೋದೆ. ನಡುಮನೆಯ ಮಂಚದ ಮೇಲೆ ಯಜಮಾನರು ಮೊಣಕಾಲು ಮಡಚಿಕೊಂಡು ಮಲಗಿದ್ದರು. ಹಣೆ ತುಂಬ ಬೆವರು. ಪಂಚೆಯಲ್ಲಿ ಅಂಗೈಯಗಲದ ಒದ್ದೆ. "ಒಂದಕ್ಕೆ ಹೋಗ್ತಾ ಇದ್ದಾರಾ?" ಅಂದೆ. "ಹೋಗ್ತಾನೇ ಇದೆ ಸರ್, ತಡೆಯೋಕೇ ಆಗ್ತಿಲ್ಲ ಅಪ್ಪನಿಗೆ, ತೊಟ್ಟಿಕ್ತಾ ಇದೆ" ಅಂದ ಮಗ. ಉಷ್ಣ ಆಗಿದೆ ಅಂತ ಬೆಳಗ್ಗೆಯಿಂದ ಮೂರು ಲೋಟ ಬಾರ್ಲಿ ನೀರು, ಒಂದು ಎಳನೀರು ಕುಡಿಸಿದ್ದರು.

ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟೆ. ಪರಂಗಿಕಾಯಿಯ ಹಾಗೆ ಗಟ್ಟಿ, ಹೊಕ್ಕುಳಿನವರೆಗೂ ಉಬ್ಬಿತ್ತು. ನರ್ಸ್ ಮೂತ್ರ ಹೊರತೆಗೆಯುವ ಪೈಪ್ ಹಾಕಿದರು. ಪೈಪಿಗೆ ಜೋಡಿಸಿದ ಚೀಲಕ್ಕೆ ಮೂತ್ರ ಇಳಿಯತೊಡಗಿತು. 500 ಮಿಲಿಲೀಟರ್ ದಾಟಿತು, 800 ದಾಟಿತು, ಒಂದು ಲೀಟರ್ ದಾಟಿ ನಿಂತಿತು. ಯಜಮಾನರು ನಿಧಾನವಾಗಿ ಕಾಲು ಚಾಚಿದರು. ಏನೂ ಮಾತಾಡಲಿಲ್ಲ, ನರ್ಸ್ ಕೈ ಹಿಡಿದುಕೊಂಡೇ ನಿದ್ದೆ ಹೋದರು.

ಅದು ಕ್ಯಾನ್ಸರ್ ನೋವಲ್ಲ, ಕಟ್ಟಿಕೊಂಡ ಮೂತ್ರದ ನೋವು. ಅದಕ್ಕೆ ಮಾರ್ಫಿನ್ ಜಾಸ್ತಿ ಕೊಟ್ಟರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ತೊಟ್ಟಿಕ್ಕುತ್ತಿದ್ದದ್ದು ತುಂಬಿದ ಕೊಡ ಹೊರಚೆಲ್ಲುವ ಹಾಗೆ. ಹನಿ ಬಿದ್ದರೆ ಒಂದಕ್ಕೆ ಆಯಿತು ಅಂತಲ್ಲ. ಕಟ್ಟಿಕೊಂಡಾಗ ನೀರು ಕುಡಿಸಿದರೆ ಚೀಲ ಮತ್ತೂ ಬಿಗಿಯುತ್ತದೆ, ದಯವಿಟ್ಟು ಕುಡಿಸಬೇಡಿ.

ಆಮೇಲೆ ವಿಚಾರಿಸಿದರೆ ಕಾರಣ ಒಂದೆರಡಲ್ಲ. ಗಂಡಸರಿಗೆ ಮೂತ್ರಚೀಲದ ಬಾಯಿಯ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಿನಿಂದ ದಪ್ಪಗಾಗಿತ್ತು. ಐದು ದಿನದಿಂದ ಎರಡಕ್ಕೆ ಹೋಗಿರಲಿಲ್ಲ. ಗಟ್ಟಿಯಾದ ಮಲ ಮೂತ್ರದ ದಾರಿಯನ್ನು ಒತ್ತುತ್ತದೆ. ಸಾಲದ್ದಕ್ಕೆ ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ. ನೆಗಡಿಯ ಎಷ್ಟೋ ಮಾತ್ರೆಗಳೂ ಮೂತ್ರ ಕಟ್ಟುತ್ತವೆ. ಸುಮ್ನೆ ಕೊಡಬೇಡಿ. ನರದ ನೋವಿಗೆ ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹಾಗೇ. ಅದನ್ನು ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ನನ್ನ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದು ಗಂಡಸರಿಗಷ್ಟೇ ಅಲ್ಲ, ಹೆಂಗಸರಿಗೂ ಆಗುತ್ತದೆ. ಮಾತ್ರೆ ಶುರು ಮಾಡಿದಾಗ, ಪ್ರಮಾಣ ಏರಿಸಿದಾಗ ಹೆಚ್ಚು ಗಮನ ಇರಲಿ. ಎರಡಕ್ಕೆ ಸಲೀಸಾಗಲು ಕೊಟ್ಟ ಮಾತ್ರೆ ತಪ್ಪಿಸಬೇಡಿ. ಹೆದರಿ ಮಾರ್ಫಿನ್ ನಿಲ್ಲಿಸಬೇಡಿ, ದಯವಿಟ್ಟು ನಿಲ್ಲಿಸಬೇಡಿ. ಈ ಮಾತ್ರೆ ಸಿಗಲಿ ಅಂತ ಎಷ್ಟೋ ಜನ ವರ್ಷಗಟ್ಟಲೆ ಒದ್ದಾಡಿದ ಮೇಲೆ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂತು. ಪ್ರಮಾಣ ಬದಲಿಸಬಹುದು, ಮಾತ್ರೆ ಬದಲಿಸಬಹುದು, ನಾಲ್ಕು ದಿನ ಪೈಪ್ ಇಡಬಹುದು. ದಾರಿ ಇದೆ. ಎಂಟು ಗಂಟೆ ಒಂದಕ್ಕೆ ಆಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಅಷ್ಟು ಹೊತ್ತೂ ಕಾಯಬೇಡಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಉಸಿರು ತೀರಾ ನಿಧಾನವಾದರೆ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಸೊಸೆ ಆಮೇಲೆ ಒಂದು ಕೆಲಸ ಮಾಡಿದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾವನವರು ಪ್ರತಿ ಸಲ ಒಂದಕ್ಕೆ ಹೋದಾಗಲೂ ಪೆನ್ಸಿಲಿನಲ್ಲಿ ಒಂದು ಗೀಟು. ಹಾಲಿನ ಲೆಕ್ಕದ ಪಕ್ಕದಲ್ಲೇ. ನಾನು ಫೋನ್ ಮಾಡಿದರೆ ಗೀಟು ಎಣಿಸಿ ಹೇಳುತ್ತಿದ್ದಳು. ನೀವೂ ಇವತ್ತೇ ಶುರು ಮಾಡಿ. ನಮಸ್ಕಾರ.