ಡಾಕ್ಟರು, ಸಿಸ್ಟರು 60ರ ಮೊದಲೇ ಯಾಕೆ ಹೊರಡ್ತಾರೆ? ಶಿರಸಿ ತೋಟದ ದೋಟಿ ಹೇಳೋ ಉತ್ತರ

[ದೃಶ್ಯ: ಶಿರಸಿ ಹತ್ತಿರದ ಅಡಿಕೆ ತೋಟ, ಬೆಳಗಿನ ಹೊತ್ತು. ಹಿಂದೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯೋದು) ನಡೀತಾ ಇದೆ.]

ನಮಸ್ಕಾರ. ಆಸ್ಪತ್ರೆ ಬಗ್ಗೆ ಮಾತಾಡ್ತೀನಿ ಅಂತ ಹೇಳಿ ತೋಟಕ್ಕೆ ಯಾಕೆ ಬಂದೆ ಅನ್ನೋದು ಸ್ವಲ್ಪ ಹೊತ್ತಿಗೆ ಗೊತ್ತಾಗತ್ತೆ. ಮೊದಲು ಪ್ರಶ್ನೆ. ಕರಾವಳಿ ಕಡೆಯ ವೀಕ್ಷಕಿಯೊಬ್ಬರು ಬರೆದಿದ್ರು: "ನಮ್ಮ ಸರ್ಕಾರಿ ಆಸ್ಪತ್ರೇಲಿ ಇದ್ದ ಒಳ್ಳೇ ಡಾಕ್ಟರು 52ಕ್ಕೇ ವಿಆರ್‌ಎಸ್, ಅಂದ್ರೆ ಸ್ವಯಂ ನಿವೃತ್ತಿ, ತಗೊಂಡ್ರು. ಇನ್ನೂ 8 ವರ್ಷ ಸರ್ವೀಸ್ ಇತ್ತು. ಹೀಗೆ ಒಬ್ಬೊಬ್ಬರೇ ಎದ್ದು ಹೋದ್ರೆ ಉಳಿದವರು ಆಸ್ಪತ್ರೆ ನಡೆಸೋದು ಹೇಗೆ?"

ನಿಯಮ ಬೇಗ ಹೇಳಿ ಮುಗಿಸ್ತೀನಿ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. 2008ಕ್ಕಿಂತ ಮೊದಲು 58 ಇತ್ತು. 15 ವರ್ಷ ಸೇವೆ ಆಗಿದ್ರೆ, ಇಲ್ಲಾ 50 ವರ್ಷ ತುಂಬಿದ್ರೆ, 3 ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೇ ಪಿಂಚಣಿ, ಅಂದ್ರೆ ಸರ್ಕಾರ ತಿಂಗಳು ತಿಂಗಳು ಕೊಡೋ ನಿಶ್ಚಿತ ಮೊತ್ತ; ಆಮೇಲೆ ಬಂದವರಲ್ಲಿ ಹೆಚ್ಚಿನವರಿಗೆ ಎನ್‌ಪಿಎಸ್, ಅಂದ್ರೆ ನಿಧಿಗೆ ಕಟ್ಟಿದ ದುಡ್ಡು ಮಾರುಕಟ್ಟೇಲಿ ಬೆಳೆದಷ್ಟು. ಈಗ ಐವತ್ತು ದಾಟ್ತಾ ಇರೋ ಅನುಭವಿಗಳಲ್ಲಿ ಬಹಳ ಜನ ಹಳೇ ಪಿಂಚಣಿಯವರು. ಅವರು ಹೊರಗೆ ಕಾಲಿಟ್ರೂ ಕಾಲ ಕೆಳಗೆ ನೆಲ ಇರತ್ತೆ.

ಇನ್ನೊಂದು ಕಡೆ ನೋಡಿ. ಎಂಬಿಬಿಎಸ್ ಐದೂವರೆ ವರ್ಷ, ಅದರ ಮೇಲೆ ತಜ್ಞರಾಗೋಕೆ 3 ವರ್ಷ. ಹೋಗೋಕೆ 3 ತಿಂಗಳು, ತಯಾರಾಗೋಕೆ ಎಂಟೂವರೆ ವರ್ಷ.

[ದೃಶ್ಯ: ಕಪ್ಪು ಹಲಗೆ. ಸೀಮೆಸುಣ್ಣದಲ್ಲಿ 30 ರಾತ್ರಿಗಳ ಪಟ್ಟಿ.]

ಈಗ ಈ ಲೆಕ್ಕ ನಿಧಾನವಾಗಿ ನೋಡಿ. ಒಂದು ಆಸ್ಪತ್ರೇಲಿ ರಾತ್ರಿ ಪಾಳಿಗೆ 4 ಜನ ಇದ್ದಾರೆ ಅಂತಿಟ್ಕೊಳ್ಳಿ. ತಿಂಗಳಿಗೆ ಒಬ್ಬೊಬ್ಬರಿಗೆ ಏಳೆಂಟು ರಾತ್ರಿ. ಒಬ್ಬರು ಹೋದ್ರು, ಉಳಿದವರಿಗೆ 10 ರಾತ್ರಿ. ಆ ಮೂವರಲ್ಲಿ ಇನ್ನೊಬ್ಬರು, ಮೊದಲೇ ಬೆನ್ನುನೋವು, ಬಿಪಿ ಇದ್ದವರು, "ನಂಗೂ ಆಗೋದಿಲ್ಲ" ಅಂದ್ರು. ಉಳಿದ ಇಬ್ಬರಿಗೆ 15 ರಾತ್ರಿ. ಅಂದ್ರೆ ದಿನ ಬಿಟ್ಟು ದಿನ. ಮೊದಲು ಹೋದವರು ಒಂದು ಖಾಲಿ ಕುರ್ಚಿ ಬಿಟ್ಟು ಹೋಗಲಿಲ್ಲ, ಪಕ್ಕದವರು ಹೊರಡೋಕೆ ಕಾರಣ ಬಿಟ್ಟು ಹೋದ್ರು.

ಅರಿವಳಿಕೆ ತಜ್ಞರು ಹೋದ್ರಂತೂ ಕೇಳೋದೇ ಬೇಡ. ಹೆರಿಗೆ ಡಾಕ್ಟರು ಇದ್ದಾರೆ, ಓಟಿ (ಆಪರೇಷನ್ ಕೋಣೆ) ಇದೆ, ಸಿಸ್ಟರ್ ಇದ್ದಾರೆ. ಆದ್ರೆ ಅರಿವಳಿಕೆ ಕೊಡೋರು ಇಲ್ಲದೆ ಸಿಸೇರಿಯನ್ ಮಾಡೋ ಹಾಗಿಲ್ಲ. ಒಬ್ಬರ ರಾಜೀನಾಮೆಗೆ ಇಡೀ ಓಟಿಗೆ ಬೀಗ. ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಬೀಗ ಅಂದ್ರೆ ದೂರದ ದಾರಿ. ಕಾರವಾರದವರು ಗೋವಾದ ಬಾಂಬೋಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಶಿರಸಿ ಕಡೆಯವರು ಹುಬ್ಬಳ್ಳಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಕುಂದಾಪುರಕ್ಕೆ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿ 4 ಜನ ತೀರಿಕೊಂಡ್ರು. ಆಗ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎದ್ದ ಕೂಗು ನಿಮಗೆ ನೆನಪಿರತ್ತೆ. ಆ ಬೇಡಿಕೆ ನ್ಯಾಯವಾದದ್ದು, ನಾನೂ ದನಿಗೂಡಿಸಿದ್ದೆ. ಆದ್ರೆ ಎಂಥಾ ಕಟ್ಟಡ ಕಟ್ಟಿದ್ರೂ ರಾತ್ರಿ ಎರಡು ಗಂಟೆಗೆ ಅದರೊಳಗೆ ಎಚ್ಚರ ಇರೋರು ಯಾರು ಅನ್ನೋ ಪ್ರಶ್ನೆ ಹಾಗೇ ಉಳಿಯತ್ತೆ.

ನಮ್ಮ ಚಿಕ್ಕಿ (ಚಿಕ್ಕಮ್ಮ) ಘಟ್ಟದ ಮೇಲಿನ ಒಂದು ಸರ್ಕಾರಿ ಆಸ್ಪತ್ರೇಲಿ ಸಿಸ್ಟರ್ ಆಗಿದ್ಲು. ರಾತ್ರಿ ಪಾಳಿ ಮುಗಿಸಿ ಬಂದವಳು ಅಡುಗೆಮನೆ ಮೆಟ್ಟಿಲ ಮೇಲೆ ಕೂತು, ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಡ್ತಿದ್ಲು. ಫೋನು ಬಡ್ಕೊಂಡ್ರೆ ಬೆಚ್ಚಿಬೀಳ್ತಿದ್ಲು, "ಇವತ್ತು ಯಾರೂ ಇಲ್ಲ, ನೀವೇ ಬನ್ನಿ" ಅಂತ ಬರೋ ಕರೆ ಅದು. 51ಕ್ಕೆ ಬಿಟ್ಲು. ಯಾಕೆ ಅಂತ ಕೇಳಿದ್ದಕ್ಕೆ ಒಂದೇ ಮಾತು: "ಕೆಲ್ಸ ಬ್ಯಾಡಾಗಿದ್ದಲ್ಲ ತಮಾ, ರಾತ್ರಿ ಬ್ಯಾಡಾತು."

ಅವಳ ಜೊತೆ ಏನು ಹೋಯ್ತು ಅಂತ ಹೇಳ್ತೀನಿ ಕೇಳಿ. ಬೇಸಿಗೇಲಿ ಯಾರಾದ್ರೂ ಜ್ವರ, ತಲೆನೋವು ಅಂತ ಬಂದ್ರೆ ಥರ್ಮಾಮೀಟರ್ ಇಡೋ ಮೊದಲೇ ಅವಳ ಪ್ರಶ್ನೆ: "ದರಕು (ಒಣಗಿ ಬಿದ್ದ ಎಲೆ) ತರೋಕೆ ಕಾಡಿಗೆ ಹೋಗಿದ್ರಾ? ಹತ್ತಿರದಲ್ಲಿ ಮಂಗ ಏನಾದ್ರೂ ಸತ್ತಿತ್ತಾ?" ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ನಮ್ಮ ಸಿದ್ದಾಪುರದ ಪಕ್ಕ. ಉಣ್ಣಿ ಹುಳ ಕಚ್ಚಿ ಬರೋ ಜ್ವರ. ಪುಸ್ತಕದಲ್ಲಿ ಇದೆಲ್ಲ ಇದೆ. ಆದ್ರೆ ಬೇರೆ ಊರಿಂದ ಹೊಸದಾಗಿ ಬಂದ ಹುಡುಗಿಗೆ ದರಕು ಅನ್ನೋ ಶಬ್ದವೇ ಗೊತ್ತಿರೋದಿಲ್ಲ. ಖಾಲಿ ಹುದ್ದೆ ಪಟ್ಟೀಲಿ ಇದನ್ನ "ಶುಶ್ರೂಷಾಧಿಕಾರಿ: 1" ಅಂತ ಬರೀತಾರೆ.

[ದೃಶ್ಯ: ಕ್ಯಾಮೆರಾ ಮೇಲಕ್ಕೆ. ಮರದ ತುದಿ. ಆಮೇಲೆ ನಿಧಾನಕ್ಕೆ ಕೆಳಗೆ, ದೋಟಿ ಹಿಡಿದ ಕೈಗಳು.]

ಈಗ ತೋಟಕ್ಕೆ ಬನ್ನಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಕೊನೆಗೌಡ ಯಾರು ಅಂತ ಹೇಳೋದು ಬೇಡ. ಉಳಿದವರಿಗೆ: ಕಾಲಿಗೆ ತಳೆ (ಹಿಡಿತಕ್ಕೆ ಹಾಕೋ ಕುಣಿಕೆ) ಹಾಕಿ ಐವತ್ತು, ಅರವತ್ತು ಅಡಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯೋರು. ಮೇಲೇ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟ್ತಾರೆ. ಮಳೆಗಾಲದ ಮೊದಲು ಗೊನೆ ನೆನೆಯದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟೋದು, ಕೊಳೆರೋಗಕ್ಕೆ ಮದ್ದು ಹೊಡಿಯೋದು ಎಲ್ಲ ಅವರೇ. ಐವತ್ತರ ಹತ್ತಿರ ಬಂದಾಗ ಮೊಣಕಾಲು ಬೇಡ ಅನ್ನತ್ತೆ, ಮನೇಲಿ ಹೆಂಡತಿ ಮಕ್ಕಳು ಹತ್ತಬೇಡಿ ಅಂತಾರೆ. ಮರ ಹತ್ತೋದು ನಿಂತ ದಿನ ಅವರ ಕಸುಬೂ ನಿಲ್ತಿತ್ತು. ಹೊಸ ಹುಡುಗರು ಬರ್ತಿರಲಿಲ್ಲ. ಆಸ್ಪತ್ರೆ ಕಥೆಯೇ ಇಲ್ಲೂ.

ಆಮೇಲೆ ಕಾರ್ಬನ್ ಫೈಬರ್ ದೋಟಿ ಬಂತು. ಹಗುರ ಕೋಲು, ತುದೀಲಿ ಕತ್ತಿ. ನೆಲದ ಮೇಲೆ ನಿಂತೇ ಕೊಯ್ಯಬಹುದು. ಇಲ್ಲಿ ನನ್ನ ಹಿಂದೆ ಇರೋ ಹಿರಿಯರನ್ನ ನೋಡಿ. ಮರ ಹತ್ತೋದು ಬಿಟ್ಟು ಮನೇಲಿ ಕೂತಿದ್ದವರು. ಅವರು ಕತ್ತೆತ್ತಿ ನೋಡಿ, "ಅದನ್ನ ಮುಟ್ಟಬೇಡ, ಅದು ಬಲಿತುಹೋಗಿದೆ, ಚಾಲಿಗೆ ಬಿಡು. ಈಚೆದು ಕೊಯ್ಯಿ, ರಾಶಿಗೆ ಸರಿ ಇದೆ" ಅಂತಾರೆ. ಹಣ್ಣಾದ ಅಡಿಕೆ ಒಣಗಿಸಿದ್ರೆ ಚಾಲಿ, ಹಸಿರಿರುವಾಗಲೇ ಕೊಯ್ದು ಬೇಯಿಸಿ ಒಣಗಿಸಿದ್ರೆ ರಾಶಿ. ಪಕ್ಕದಲ್ಲಿ ದೋಟಿ ಹಿಡಿದ ಹುಡುಗ ಕೇಳಿ ಕೇಳಿ ಕಲೀತಾ ಇದ್ದಾನೆ. ಇಳಿದು ಹೋಗಿದ್ದು ಇವರ ಮೊಣಕಾಲು ಮಾತ್ರ, ಕಣ್ಣು ಅಲ್ಲ. ನಾನು ಬೆಳಿಗ್ಗೆಯಿಂದ ಇವರನ್ನೇ ನೋಡ್ತಾ ನಿಂತಿದ್ದೀನಿ, ಮತ್ತೆ ಮತ್ತೆ ಚಿಕ್ಕಿ ನೆನಪಾಗ್ತಾಳೆ. ಅವಳ ಕೈಗೆ ಯಾರೂ ದೋಟಿ ಕೊಡಲಿಲ್ಲ. ಮರ ಹತ್ತು, ಇಲ್ಲಾ ಮನೆಗೆ ಹೋಗು ಅಂದ್ರು.

ಆಸ್ಪತ್ರೇಲಿ ದೋಟಿ ಅಂದ್ರೆ ಏನು? ರಾತ್ರಿ ಪಾಳಿ ಇಲ್ಲದ ಹುದ್ದೆ. ಬೆಳಗಿನ ಒಪಿಡಿ, ಲಸಿಕೆ, ಹೊಸಬರಿಗೆ ಕೈಹಿಡಿದು ಕಲಿಸೋದು, ಸರ್ಕಾರದ ಆನ್‌ಲೈನ್ ವೈದ್ಯಸಲಹೆ ಸೇವೆ ಇ-ಸಂಜೀವನಿಯಲ್ಲಿ ದೂರದ ಉಪಕೇಂದ್ರದ ರೋಗಿ ನೋಡೋದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹೀಗೆ ಪೂರಾ ಹೋಗದೆ ಉಳಿಯೋಕೆ ನಿಯಮವೇ ಇದೆ. ಅಲ್ಲೂ ಹಿರಿಯ ಡಾಕ್ಟರು, ನರ್ಸುಗಳು ಬೇಗ ಹೊರಡೋದು ದೊಡ್ಡ ತಲೆಬಿಸಿ. 2023ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಭಾಗಶಃ ನಿವೃತ್ತಿ ಎಲ್ಲರಿಗೂ ತೆರೆದರು: ಪಿಂಚಣಿ ಲೆಕ್ಕಕ್ಕೆ ಬರೋ ಸಂಬಳ ಕನಿಷ್ಠ ಶೇ 10ರಷ್ಟು ಇಳಿಸ್ಕೊಂಡ್ರೆ, ಪಿಂಚಣಿಯ ಶೇ 20ರಿಂದ 100ರವರೆಗೆ ತಗೊಳ್ತಾ ಕೆಲಸದಲ್ಲೇ ಮುಂದುವರಿಬಹುದು. ನಿವೃತ್ತಿಯಾಗಿ ವಾಪಸ್ ಬಂದವರು ಮೊದಲ ತಿಂಗಳು ವಾರಕ್ಕೆ 16 ಗಂಟೆ ಮೀರಬಾರದು ಅಂತ ಇದ್ದ ಕಟ್ಟನ್ನೂ ಅದೇ ವರ್ಷ ತೆಗೆದ್ರು. ನಮ್ಮಲ್ಲಿ ಪೂರಾ ಇರಿ, ಇಲ್ಲಾ ಪೂರಾ ಹೋಗಿ.

"ನಿವೃತ್ತಿ ವಯಸ್ಸೇ ಏರಿಸಿದ್ರೆ ಆಯ್ತಲ್ಲ" ಅಂತ ಕೆಲವರು ಹೇಳ್ತಾರೆ. ಕೇಂದ್ರ ಸರ್ಕಾರ 2016ರಲ್ಲಿ ತನ್ನ ಆರೋಗ್ಯ ಸೇವೆಯ ಡಾಕ್ಟರಿಗೆ 65 ಮಾಡಿತು. 60ಕ್ಕೆ ಒಲ್ಲದ ಮನಸ್ಸಿಂದ ಹೋಗೋರು ಇದರಿಂದ ಉಳೀತಾರೆ. 51ಕ್ಕೆ ಸುಸ್ತಾಗಿ ಹೊರಡೋಳಿಗೆ 65 ಅಂದ್ರೆ ಇನ್ನೂ 14 ವರ್ಷದ ರಾತ್ರಿ. ಆ ನಿರ್ಧಾರದಲ್ಲಿ ನನಗೆ ಹಿಡಿಸಿದ್ದು ಆಮೇಲೆ ಸೇರಿಸಿದ ಮಾತು: 62 ದಾಟಿದವರಿಗೆ ಆಡಳಿತದ ಕುರ್ಚಿ ಇಲ್ಲ, ರೋಗಿ ನೋಡೋದು, ಕಲಿಸೋದು, ಇಂಥ ಕೆಲಸ ಅಷ್ಟೇ. ಅದು ದೋಟಿಯ ಬುದ್ಧಿ.

[ದೃಶ್ಯ: ಗಡಿಯಾರ. ನಿರೂಪಕರು ನಡೀತಾ ಮಾತಾಡ್ತಾರೆ.]

ಸಮಯ ಆಗ್ತಾ ಬಂತು, ಉಳಿದದ್ದು ಒಟ್ಟಿಗೇ ಹೇಳ್ತೀನಿ. ಯಾರಿಗೆ ಯಾವಾಗ 50 ತುಂಬತ್ತೆ ಅಂತ ಸೇವಾ ಪುಸ್ತಕದ ಮೊದಲ ಪುಟದಲ್ಲೇ ಇದೆ. ನೋಟಿಸ್ ಬರೋ ತನಕ ಕಾಯದೆ, ಎರಡು ವರ್ಷ ಮೊದಲೇ ಕರೆದು ಕೂರಿಸಿ ಕೇಳಬೇಕು. ಎಂಬಿಬಿಎಸ್ ಡಾಕ್ಟರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ತುರ್ತು ಹೆರಿಗೆಗೆ ಅರಿವಳಿಕೆ ಕೊಡೋ ಹಾಗೆ ತಯಾರು ಮಾಡೋ ವ್ಯವಸ್ಥೆ ದೇಶದಲ್ಲಿ ಮೊದಲಿಂದ ಇದೆ, ಘಟ್ಟದ ತಾಲೂಕುಗಳಿಗೆ ಅದು ಮೊದಲು ಸಿಗಬೇಕು. 2012ರ ಕಡ್ಡಾಯ ಗ್ರಾಮೀಣ ಸೇವೆ ಕಾಯ್ದೆಯಲ್ಲಿ ಬರೋ ಹೊಸ ಡಾಕ್ಟರು, 2016ರಲ್ಲಿ ಶುರುವಾದ ಕಾರವಾರದ ಮೆಡಿಕಲ್ ಕಾಲೇಜಿನ ಹುಡುಗರು, ಇವರೆಲ್ಲ ರಾತ್ರಿ ಹೊರಬಲ್ಲರು, ಬೆಳಿಗ್ಗೆ ಪಕ್ಕದಲ್ಲಿ ನಿಂತು ಹೇಳಿಕೊಡೋ ಹಿರಿಯರೊಬ್ಬರು ಇದ್ರೆ.

ಈ ಸ್ಕ್ರಿಪ್ಟ್ ಬರೆದ ದಿನ ಚಿಕ್ಕಿಗೆ ಫೋನ್ ಮಾಡಿದ್ದೆ. ವಾರಕ್ಕೆ ಮೂರು ದಿನ, ಬೆಳಗಿನ ಪಾಳಿ ಮಾತ್ರ, ಅಂತ ಕರೆದ್ರೆ ಹೋಗ್ತೀಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು: "ಯಾವ ವಾರ್ಡು?"

ನಿಮ್ಮ ತಾಲೂಕು ಆಸ್ಪತ್ರೇಲಿ ಇವತ್ತು ರಾತ್ರಿ ಅರಿವಳಿಕೆ ಕೊಡೋಕೆ ಎಷ್ಟು ಜನ ಇದ್ದಾರೆ? ವಿಚಾರಿಸಿ, ಕೆಳಗೆ ಬರೀರಿ. ನಮ್ಮ ಜಿಲ್ಲೆಯ 12 ತಾಲೂಕಿನ ಪಟ್ಟಿ ಮಾಡ್ತೀನಿ.